ವಾಪಸ್ ಬಂದ ಸೈಕಲ್ಲುಗಳು

ಮುನಿರಾಜುವಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ದಿನವೇ ಮೊದಲನೇ ಸೈಕಲ್ಲು ಬಂತು.

ಮನೆಯವರು ಆಗಷ್ಟೇ ತಲೆಗೆ ನೀರು ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದರು. ಪಕ್ಕದ ಮನೆಯವರು ತಂದಿಟ್ಟ ಉಪ್ಪಿಟ್ಟು ಯಾರೂ ಮುಟ್ಟದೆ ಆರುತ್ತಿತ್ತು. ಗೇಟು ಕಿರ್ರೆಂದಿತು. ಮುನಿರಾಜುವಿನ ಹೆಂಡತಿ ಸೀತಾ ಕಿಟಕಿಯಿಂದ ನೋಡಿ ಬಾಗಿಲಿಗೆ ಬಂದಳು. ಸುಂಕದಕಟ್ಟೆಯ ಅಪಾರ್ಟ್‌ಮೆಂಟೊಂದರ ವಾಚ್‌ಮನ್ ದೊಡ್ಡಹನುಮಯ್ಯ ಹಳೇ ಕಪ್ಪು ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು, ಸಂಪಿನ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸುತ್ತಿದ್ದ.

"ಸೀತಕ್ಕ, ಮುನಿಯಣ್ಣನ ಸೈಕಲ್ಲು. ತಂದು ನಿಲ್ಲಿಸಿದೀನಿ."

"ಯಾವ ಸೈಕಲ್ಲು ಹನುಮಯ್ಯನವರೇ? ರಿಪೇರಿದಾ?"

"ಅಲ್ಲಕ್ಕ, ನನ್ಹತ್ರ ಇದ್ದಿದ್ದು. ಕೊರೋನಾದಲ್ಲಿ ಬಸ್ಸಿಲ್ಲದೆ ಡ್ಯೂಟಿಗೆ ನಡ್ಕೊಂಡು ಹೋಗ್ತಿದ್ನಾ, ಅಂಗಡಿ ಮುಂದೆ ಹೋಗೋವಾಗ ಕರೆದು ಕೊಟ್ರು. 'ಓಡಿಸ್ತಾ ಇರಿ, ಬೇಕಾದಾಗ ಕೇಳ್ತೀನಿ' ಅಂದ್ರು. ಕೇಳ್ಲೇ ಇಲ್ಲ. ಇನ್ನು ಕೇಳೋರೂ ಇಲ್ವಲ್ಲ. ಹೋದೋರ ವಸ್ತು ಇಟ್ಕೊಂಡ್ರೆ ಋಣ ಉಳಿಯುತ್ತೆ, ತಿಥಿಗೆ ಮುಂಚೆ ಒಪ್ಪಿಸಿ ಬನ್ನಿ ಅಂದ್ಲು ನಮ್ಮನೆಯವಳು."

ಅವನು ಎರಡು ಕೈ ಜೋಡಿಸಿ, ಸಾವಿನ ಮನೆಯಲ್ಲಿ ಬರ್ತೀನಿ ಅನ್ನಬಾರದಾದ್ದರಿಂದ ಏನೂ ಅನ್ನದೆ ಹೊರಟುಹೋದ. ಗೇಟು ದಾಟಿದ ಮೇಲೆ ಒಂದು ಸಲ ತಿರುಗಿ ಸೈಕಲ್ಲನ್ನು ನೋಡಿದ. ಆಮೇಲೆ ಸುಂಕದಕಟ್ಟೆ ಕಡೆಗೆ ನಡೆದ.

ಸೀತಾ ಬಾಗಿಲಲ್ಲೇ ನಿಂತಿದ್ದಳು. ಗಂಡ ಯಾರಿಗೋ ಸೈಕಲ್ ಕೊಟ್ಟಿದ್ದಾನೆ ಅನ್ನುವುದು ಅವಳಿಗೆ ಹೊಸ ಸುದ್ದಿ. ಹೆಗ್ಗನಹಳ್ಳಿಯಲ್ಲಿ ಅವರದು ಹಳೇ ಊರಿನ ಮನೆ. ಹೊಲಗಳೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದ ಜಾಗದಲ್ಲಿ ಮಾವ ಕಟ್ಟಿಸಿದ್ದು. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ಸೈಕಲ್ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಸೀತಾ ಅಡುಗೆಮನೆಯಲ್ಲಿ ನಿಂತರೆ ಅಂಗಡಿಯ ಸುತ್ತಿಗೆ ಸದ್ದು, ಪಂಪಿನ ಉಸಿರು, ಗಂಡನ ನಗು ಎಲ್ಲ ಕೇಳುತ್ತಿತ್ತು. ಆ ನಗು ಮಾತ್ರ ಒಳಗೆ ಬರುತ್ತಿರಲಿಲ್ಲ. ಹೊಸಲು ದಾಟಿ ಊಟಕ್ಕೆ ಕೂತರೆ ಮುನಿರಾಜುವಿನ ಮಾತು ನಾಲ್ಕೇ: ಉಪ್ಪು ಸಾಲದು, ನೀರು ಕಾದಿದ್ಯಾ, ಯೋಗಿ ಬಂದ್ನಾ, ಫ್ಯಾನ್ ಹಾಕು. ಕೊನೇ ದಿನವೂ ಅಷ್ಟೇ. ಮಧ್ಯಾಹ್ನ ಊಟ ಮಾಡಿ, "ಸಾರು ಚೆನ್ನಾಗಿತ್ತು" ಎಂದು ಒಂದು ಮಾತು ಜಾಸ್ತಿ ಆಡಿ, ಒಂದು ಗಳಿಗೆ ಒರಗಿದವನು ಏಳಲಿಲ್ಲ.

"ಯಾರವ್ವ ಅದು?" ಒಳಗಿನಿಂದ ಅತ್ತೆ ಪಾಪಮ್ಮ ಕೂಗಿದಳು. ಮಗನನ್ನು ಮಣ್ಣಿಗೆ ಕಳಿಸಿದ ಮೇಲೆ ಆ ಮುದುಕಿಯ ಧ್ವನಿ ಇನ್ನೂ ದೊಡ್ಡದಾಗಿತ್ತು.

"ಯಾರೋ ಸೈಕಲ್ ವಾಪಸ್ ತಂದು ಬಿಟ್ರು ಅತ್ತೆ."

"ಬ್ಯಾಡ ಅನ್ಬ್ಯಾಡ. ಅವರು ಹೊರೆ ಇಳಿಸ್ಕೊತಾವ್ರೆ, ಇಳಿಸ್ಕೊಳ್ಳಿ."

ಮಾರನೇ ದಿನ ಇನ್ನೊಂದು ಬಂತು. ಅದರ ಮಾರನೇ ದಿನ ಮೂರು ಒಟ್ಟಿಗೆ. ಕ್ಯಾರಿಯರ್ ಇಲ್ಲದ್ದು, ಮಡ್‌ಗಾರ್ಡಿಗೆ ತಂತಿ ಕಟ್ಟಿದ್ದು, ಸೀಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದು. ಯಾವುದೂ ಹೊಸದಲ್ಲ. ಗುಜರಿಯಿಂದ ಫ್ರೇಮು ತಂದು, ಎಲ್ಲೆಲ್ಲಿಯದೋ ಚಕ್ರ ಹಾಕಿ, ಮುನಿರಾಜು ಬಿಡುವಾದಾಗ ಕೂರಿಸಿದ್ದವು. ತಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ಓಡಿಸ್ತಾ ಇರು, ಬೇಕಾದಾಗ ಕೇಳ್ತೀನಿ. ಅದರ ಜೊತೆಗೆ ಒಬ್ಬೊಬ್ಬರಿಗೆ ಅವನು ಆಡಿದ್ದ ಬೇರೆ ಮಾತೂ ಹೇಳಿ ಹೋಗುತ್ತಿದ್ದರು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳಿಗೆ, "ಬ್ರೇಕ್ ಹಿಡಿದು ಅಳಬೇಡಮ್ಮ, ಮೊದಲು ಇಳಿ, ಆಮೇಲೆ ಅಳು" ಅಂದಿದ್ದನಂತೆ. ಸೀತಾ ಪಾತ್ರೆ ತೊಳೆಯುತ್ತ ಅದನ್ನು ನೆನೆಸಿಕೊಂಡು ನಕ್ಕಳು, ನಗು ಆಚೆ ಕೇಳಿಸದಿರಲೆಂದು ನಲ್ಲಿ ಜೋರಾಗಿ ತಿರುಗಿಸಿದಳು. ಇಷ್ಟೊಂದು ಮಾತು ಇತ್ತಾ ಈ ಮನುಷ್ಯನ ಹತ್ತಿರ?

ಮನೆಯಲ್ಲಿ ಕಾಲಿಡಲು ಜಾಗ ಕಮ್ಮಿಯಾಯಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬಂದಾಗ ಸಂಪಿನ ಮುಚ್ಚಳ ತೆಗೆದು ಪೈಪು ಬಿಡಬೇಕು. ಮುಚ್ಚಳದ ಮೇಲೆಯೇ ಸೈಕಲ್ಲುಗಳು.

"ಅತ್ತೇ, ನೀರು ಬಂತು! ಯಾರಾದ್ರೂ ಈ ಜಾತ್ರೆ ಎತ್ತಿಡ್ತೀರಾ?" ಸೊಸೆ ರಮ್ಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗಿದಳು. ಒಂದನ್ನು ಎತ್ತಲು ಹೋಗಿ ಅದರ ಹ್ಯಾಂಡಲ್ ಪಕ್ಕದ್ದಕ್ಕೆ ಸಿಕ್ಕಿ, ಪಕ್ಕದ್ದು ಅದರ ಪಕ್ಕದ್ದಕ್ಕೆ ಒರಗಿ, ಎಲ್ಲವೂ ಒಂದರ ಮೇಲೊಂದು ದಬದಬ ಬಿದ್ದವು.

"ಸೂಪರ್ ಮಮ್ಮಿ! ಇನ್ನೊಂದ್ಸಲ!" ಮೊಮ್ಮಗಳು ಸ್ಪಂದನ ಮೆಟ್ಟಿಲ ಮೇಲಿಂದ ಚಪ್ಪಾಳೆ ತಟ್ಟಿದಳು.

"ಬಾ ಇಲ್ಲಿ, ನಿಂಗೊಂದ್ಸಲ ಕೊಡ್ತೀನಿ. ಸ್ಕೂಟರ್ ಆಚೆ ತೆಗೆಯೋಕೆ ದಿನಾ ಅರ್ಧ ಗಂಟೆ, ನಿನ್ನ ಮಿಸ್ ಹತ್ರ ಬೈಸ್ಕೊಳ್ಳೋಳು ನಾನು."

ಹನ್ನೊಂದನೇ ದಿನ ಶಾಮಿಯಾನ ಹಾಕಿದರು. ಎಡೆಗೆ ಮುದ್ದೆ, ಹುರುಳಿಕಾಳಿನ ಸಾರು, ವಡೆ, ಕಡುಬು. ನೆಂಟರಿಗಿಂತ ರಸ್ತೆಯವರೇ ಜಾಸ್ತಿ ಬಂದಿದ್ದರು. ತಮ್ಮ ತಮ್ಮ ಮೊದಲ ಸೈಕಲ್ಲಿನ ಕತೆ ಹೇಳುತ್ತ ಜನ ಪಂಕ್ತಿಯಿಂದ ಏಳುವುದನ್ನೇ ಮರೆತರು. ಊಟದ ಹೊತ್ತಿಗೆ ಕೊಟ್ರಪ್ಪ ಬಂದ. ಬಳ್ಳಾರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವನು, ಮೊದಲು ಕಡ್ಲೆಕಾಯಿ ಮಾರುತ್ತಿದ್ದ, ಈಗ ಸೈಕಲ್ಲಿನ ಮೇಲೆ ಟೀ. ಬಂದವರಿಗೆಲ್ಲ ಕ್ಯಾನಿನಿಂದ ಟೀ ಬಗ್ಗಿಸಿ ಕೊಟ್ಟ. ಕ್ಯಾನು ಖಾಲಿಯಾದ ಮೇಲೆ ಅದನ್ನು ಕೆಳಗಿಳಿಸಿ, ಲೋಟದ ಬುಟ್ಟಿ ಬಿಚ್ಚಿ, ನಲ್ಲಿಯ ಹತ್ತಿರ ಸೈಕಲ್ಲು ತೊಳೆದು, ಸಾಲಿನಲ್ಲಿ ನಿಲ್ಲಿಸಿದ.

ಸೀತಾಳ ಮಗ ಯೋಗಾನಂದ ಬೋಳಿಸಿದ ತಲೆಗೆ ಟವೆಲು ಸುತ್ತಿಕೊಂಡು ಎಲೆ ಎತ್ತಿಸುತ್ತಿದ್ದವನು ಆ ಸೈಕಲ್ಲನ್ನು ಕಂಡು ನಿಂತುಬಿಟ್ಟ. ಬಗ್ಗಿ ಸೀಟಿನ ಕೆಳಗಿನ ಪೈಪಿನ ಮೇಲೆ ಬೆರಳಾಡಿಸಿದ. ನೀಲಿ ಬಣ್ಣದ ಮೇಲೆ ಕಂಪಾಸಿನ ಮೊನೆಯಿಂದ ಗೀಚಿದ ಎರಡಕ್ಷರ ಇನ್ನೂ ಇತ್ತು. ಯೋಗಿ.

"ಇದು ನಂದು," ಅಂದ.

ಕೊಟ್ರಪ್ಪ ಒದ್ದೆ ಕೈ ಅಂಗಿಗೆ ಒರೆಸಿಕೊಂಡ. "ನಂಗೊತ್ತಿರ್ಲಿಲ್ರೀ ಅಣ್ಣಾರೆ. ಹೆಸರು ಓದೀನಿ, ಯಾರೋ ಯೋಗಿಗಳು ಇರಬೇಕು ಅಂದ್ಕೊಂಡೆ."

ಪಂಕ್ತಿಯಲ್ಲಿದ್ದವರು ನಕ್ಕರು. ಯೋಗಾನಂದ ನಗಲಿಲ್ಲ. ಕೊಟ್ರಪ್ಪ ಒಂದು ಕೈಲಿ ಕ್ಯಾನು, ಇನ್ನೊಂದು ಕೈಲಿ ಬುಟ್ಟಿ ಹಿಡಿದು, ಊಟ ಮಾಡಿ ಅಂದರೂ ಕೇಳದೆ ಹೊರಟುಹೋದ.

ಆವತ್ತು ನೆಂಟರೆಲ್ಲ ಹೋಗಿ, ಸಂಜೆ ದೀಪ ಹಚ್ಚಿ, ಉಳಿದ ಸಾರಿಗೆ ಅನ್ನ ಮಾಡಿ ಬಡಿಸುವಾಗ ಯೋಗಾನಂದ ಬಾಯಿಬಿಟ್ಟ. ಅವನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಂಪನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಹೆಚ್ಚು ಮಾತಿಲ್ಲದವನು, ಅದೊಂದು ಅಪ್ಪನದೇ.

"ಒಂದಲ್ಲಮ್ಮ, ನಿಂಗೆ ಹೇಳಿರ್ಲಿಲ್ಲ, ನಂದು ನಾಲ್ಕೋ ಐದೋ ಸೈಕಲ್ ಹಂಗೇ ಹೋದವು. ಸಂಜೆ ಸ್ಕೂಲಿಂದ ಬಂದು ನಿಲ್ಲಿಸಿದ್ರೆ ಬೆಳಗ್ಗೆ ಇರ್ತಿರ್ಲಿಲ್ಲ. ಕೇಳಿದ್ರೆ, 'ಅವರಿಗೆ ಅರ್ಜೆಂಟಿತ್ತು ಕಣೋ, ನೀನು ನಡಿ, ಕಾಲು ಗಟ್ಟಿ ಆಗುತ್ತೆ.' ಕ್ಲಾಸಲ್ಲಿ ನನ್ನ ಏನಂತಿದ್ರು ಗೊತ್ತಾ? ಅಪ್ಪಂದು ಸೈಕಲ್ ಶಾಪು, ಮಗಂದು ನಟರಾಜ ಸರ್ವಿಸ್, ಕಾಲ್ನಡಿಗೆ ಅಂತ!"

ರಮ್ಯಗೆ ನಗು ತಡೆಯಲಾಗಲಿಲ್ಲ. ಗಂಡ ನೋಡಿದ ರೀತಿಗೆ ಬಾಯಿಗೆ ಅನ್ನ ತುಂಬಿಕೊಂಡಳು.

"ಅದಕ್ಕೀಗ ಏನ್ಲಾ? ಕಾಲು ಗಟ್ಟಿ ಅವಲ್ಲ?" ಪಾಪಮ್ಮ ಗೋಡೆಗೊರಗಿ ಕೇಳಿದಳು.

"ಅಜ್ಜಿ, ನೀನು ಸುಮ್ನಿರು. ಅಮ್ಮ, ಕೇಳು. ಮುಂದಿನ ತಿಂಗಳಿಂದ ಅಂಗಡಿ ಬಾಡಿಗೆಗೆ ಕೊಡ್ತೀನಿ. ಮೊಬೈಲ್ ಕವರ್ ಮಾರೋನೊಬ್ಬ ಕೇಳಿದಾನೆ, ಒಪ್ಕೊಂಡಿದೀನಿ. ಅಷ್ಟರೊಳಗೆ ಇವೆಲ್ಲ ಖಾಲಿ ಆಗ್ಬೇಕು. ಗುಜರಿ ಹನುಮೇಶನಿಗೆ ಹೇಳಿದೀನಿ, ಟೆಂಪೋ ತರ್ತಾನೆ."

"ಗುಜರಿಗಾ?" ಸೀತಾಳ ಸೌಟು ನಿಂತಿತು.

"ಮತ್ತೆ ಮ್ಯೂಸಿಯಂ ಮಾಡೋಣ್ವಾ? ಗುಜರಿಯಿಂದ ಬಂದಿದ್ದು ಗುಜರಿಗೆ. ಊರಿಗೆಲ್ಲ ಒಳ್ಳೆಯವನು ಆಗಿದ್ದು ಸಾಕು."

ಅಂಗಡಿ ಬಾಡಿಗೆಗೆ ಹೋಗುವುದು ಸರಿಯೇ ಎಂದು ಸೀತಾಳಿಗೂ ಗೊತ್ತಿತ್ತು. ಸ್ಪಂದನಳ ಸ್ಕೂಲು, ಪಾಪಮ್ಮನ ಮಾತ್ರೆ, ಮನೆ ನಡೆಯಬೇಕಲ್ಲ. ಅವಳಿಗೆ ರಿಪೇರಿ ಕೆಲಸ ಬರುತ್ತಿರಲಿಲ್ಲ, ಸೈಕಲ್ ಓಡಿಸಲೂ ಬರುತ್ತಿರಲಿಲ್ಲ. ಆದರೆ ಒರೆಸಿ, ತೊಳೆದು, ಕೈ ಮುಗಿದು ತಂದು ನಿಲ್ಲಿಸಿದ್ದನ್ನು ಟೆಂಪೋಗೆ ಎಸೆಯುವುದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಎರಡು ತುತ್ತು ತಿಂದು ಎದ್ದಳು.

ಆಮೇಲಿನ ವಾರ ಮಾಳಿಗೆ ಮೇಲೆ ಬಟ್ಟೆ ಒಣಗಿಸುವಾಗ ಅವಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಮೊದಲೆಲ್ಲ ಬೆಲ್ ಹೊಡೆದುಕೊಂಡು ಬರುತ್ತಿದ್ದ ಕೊಟ್ರಪ್ಪ ಈಗ ಕ್ಯಾನು ಹೊತ್ತು ಒಂದು ಕಡೆಗೆ ವಾಲಿಕೊಂಡು ನಡೆಯುತ್ತಿದ್ದ. ನಾಲ್ಕು ಅಂಗಡಿ ದಾಟುವುದರೊಳಗೆ ಕೆಳಗಿಟ್ಟು ಕೈ ಬದಲಿಸುತ್ತಿದ್ದ. ದೂರದ ಫ್ಯಾಕ್ಟರಿ ಗೇಟುಗಳಿಗೆ ಅವನು ಹೋಗುವುದನ್ನೇ ಬಿಟ್ಟಿದ್ದಾನೆ ಎಂದು ಕೆಳಗೆ ಹಾದುಹೋಗುತ್ತಿದ್ದ ನೀಲಗಂಗಮ್ಮ ಹೇಳಿದಳು. ನೀಲಗಂಗಮ್ಮ ರಾಜಾಜಿನಗರದ ಮನೆಗಳಲ್ಲಿ ಅಡುಗೆ ಮಾಡುವವಳು. ಬುಟ್ಟಿ ಇರುವ ಲೇಡೀಸ್ ಸೈಕಲ್ಲೊಂದನ್ನು ಅವಳೂ ತಂದು ಬಿಟ್ಟು ಹೋಗಿದ್ದಳು.

"ನೀನು ಹೆಂಗೆ ಹೋಗ್ತಿದೀಯೇ?" ಸೀತಾ ಮೇಲಿನಿಂದಲೇ ಕೇಳಿದಳು.

"ಬಸ್ಸಲ್ಲಿ ಅಕ್ಕ. ಬಸ್ಸು ಫ್ರೀ, ಕಾಯೋ ಟೈಮು ಫ್ರೀ ಅಲ್ವಲ್ಲ! ಒಂದು ಮನೆ ಬಿಟ್ಟೆ. ಅವರಿಗೆ ಏಳಕ್ಕೆ ಚಪಾತಿ ಬೇಕು, ನಾನು ಹೋಗೋ ಹೊತ್ತಿಗೆ ಬ್ರೆಡ್ ತಿಂದು ಮುಖ ಊದಿಸ್ಕೊಂಡು ಕೂತಿರ್ತಾರೆ."

"ಸೈಕಲ್ ತಗೊಂಡು ಹೋಗೇ ಮಾರಾಯ್ತಿ, ಇಲ್ಲೇ ನಿಂತಿದೆ."

ನೀಲಗಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಬೇಡಕ್ಕ. ಒಪ್ಪಿಸಿದ ಮೇಲೆ ಮುಗೀತು. ನಿಮ್ಮ ಸಂಕಟದಲ್ಲಿ ನಿಮ್ಮ ಕೈಯಿಂದ ದಾನ ಈಸ್ಕೊಳ್ಳೋಷ್ಟು ಕೆಟ್ಟೋಳಲ್ಲ ನಾನು."

ದಾನ ಅನ್ನುವ ಮಾತು ಸೀತಾಳಿಗೆ ಚುಚ್ಚಿತು. ಕೊಟ್ರಪ್ಪನನ್ನು ಗೇಟಿನ ಹತ್ತಿರ ಕರೆಸಿ ಕೇಳಿದಾಗ ಅವನೂ ಅದನ್ನೇ ಇನ್ನೊಂದು ಥರ ಹೇಳಿದ.

"ಮುನಿಯಣ್ಣ ಪುಕ್ಕಟೆ ಕೊಟ್ಟಿದ್ರೆ ಆವತ್ತೇ ತಗೊಳ್ತಿರ್ಲಿಲ್ರೀ ಅಕ್ಕಾರೆ. ಕೇಳ್ತೀನಿ ಅಂದಿದ್ಕೆ ತಗೊಂಡೆ."

ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಪಾಪಮ್ಮ ತಕ್ಷಣ ಎರಗಿದಳು. "ಮತ್ತೆ ಅವನು ಕೇಳಿದ್ನೇನಯ್ಯ? ಕೇಳದೆ ಯಾಕೆ ತಂದ್ಕೊಟ್ಟೆ? ತಪ್ಪು ನಿಂದೇಯ!"

"ಇನ್ ಕೇಳಾಕ ಅವ್ರೆಲ್ಲಿದಾರಬೇ ಯವ್ವ," ಅಂದ ಕೊಟ್ರಪ್ಪ.

ಪಾಪಮ್ಮ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಕೊಟ್ರಪ್ಪ ಕ್ಯಾನು ಎತ್ತಿಕೊಂಡು ಹೋದ.

ಹನುಮೇಶನ ಟೆಂಪೋ ಬರುವ ಭಾನುವಾರ ಹತ್ತಿರವಾಯಿತು. ರಮ್ಯ ಅಂಗಡಿಯ ಸ್ಪ್ಯಾನರು, ಸುತ್ತಿಗೆ, ಪಂಪುಗಳನ್ನು ಅಕ್ಕಿ ಚೀಲದಲ್ಲಿ ತುಂಬಿ ಮೆಟ್ಟಿಲ ಕೆಳಗೆ ತಳ್ಳಿದಳು. ಗುರುವಾರ ಮಧ್ಯಾಹ್ನ ಪಾಪಮ್ಮ, ಸೀತಾ ಇಬ್ಬರೂ ಮುಂದಿನ ಮೆಟ್ಟಿಲ ಮೇಲೆ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದರು. ಎದುರಿಗೆ ಬಿಸಿಲಿನಲ್ಲಿ ಸೈಕಲ್ಲುಗಳು.

"ನೋಡು, ಒಳ್ಳೆ ದನದ ಕೊಟ್ಟಿಗೆ ಆದಂಗಾಯ್ತು," ಅಂದಳು ಪಾಪಮ್ಮ. "ನಾನು ಈ ಮನೆಗೆ ಬಂದಾಗ ಇಲ್ಲೇ ಕಟ್ತಿದ್ವಿ. ಕೊಟ್ಟಿಗೆ ತುಂಬೋಷ್ಟು ದನ. ಬ್ಯಾಸಗೇಲಿ ಮೇವಿರ್ತಿರ್ಲಿಲ್ಲ."

"ಮಾರ್ತಿದ್ರಾ?"

"ಯಾಕ್ ಮಾರಾದು? ಬ್ಯಾರೇರ ಮನೇಲಿ ಬುಡ್ತಿದ್ವಿ. ನಿಮ್ಮ ಮಾವ ಹೋಗಿ ಕೇಳ್ಕೊಳ್ಳೋರು, 'ಅಪ್ಪಾ, ನಮ್ಮತ್ರ ಜಾಗಿಲ್ಲ, ಮೇವಿಲ್ಲ, ಈ ಹಸ ಒಸಿ ನಿಮ್ಮ ಕೊಟ್ಟಿಗೇಲಿ ಕಟ್ಕೊಳ್ಳಿ' ಅಂತ. ಮೇಯಿಸ್ದೋನು ಹಾಲು ಕರ್ಕೊಳ್ಳೋನು. ಅವನ ಮಕ್ಳು ಹಾಲು ಕುಡಿಯೋವು. ಹಸ ಮಾತ್ರ ನಮ್ದೇಯ. ಒಂದೊಂದು ಹಸ ಹೋದ್ದು ಬರ್ತಾನೇ ಇರ್ಲಿಲ್ಲ, ನಾವೂ ಕೇಳ್ತಿರ್ಲಿಲ್ಲ."

"ಬಡವರಿಗೆ ಕೊಡ್ತಿದ್ರಾ?"

"ಕೊಡಾದಲ್ಲ ಅಂದ್ನಲ್ಲವ್ವ! ಕೊಟ್ರೆ ಅವರು ಈಸ್ಕೊಂಡಂಗಾಗ್ತದೆ. ಕೇಳ್ಕೊಳ್ಳಾದು. ಮುನಿ ಅವರಪ್ಪನ ಬೆರಳು ಹಿಡ್ಕಂಡು ಹೋಗ್ತಿದ್ದ, ಹಸ ಬುಟ್ ಬರಾಕೆ."

ಸೀತಾಳ ಕೈಯಲ್ಲಿ ದಂಟು ಮುರಿಯದೆ ನಿಂತಿತು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಗಂಡಸು ಅಪ್ಪನ ಬೆರಳು ಹಿಡಿದು ಹೋದದ್ದು ಈಗ ಗೊತ್ತಾಗುತ್ತಿದೆ. ಸೊಪ್ಪಿನ ಮೊರವನ್ನು ಅತ್ತೆಯ ಮಡಿಲಿಗೆ ಸರಿಸಿ ಎದ್ದಳು. ಕೈ ತೊಳೆದು, ನೀಲಿ ಸೈಕಲ್ಲಿನ ಸ್ಟ್ಯಾಂಡು ಒದ್ದು ಬಿಡಿಸಿದಳು.

"ಎಲ್ಲಿಗವ್ವ? ವರ್ಷ ತುಂಬಗಂಟ ಯಾರ ಮನೆ ಹೊಸಲೂ ತುಳಿಯಂಗಿಲ್ಲ ನೀನು."

"ಹೊಸಲು ತುಳಿಯಲ್ಲ ಅತ್ತೆ. ರಸ್ತೆಗೆ ಹೋಗ್ತೀನಿ."

ಪಾಪಮ್ಮ ಅವಳನ್ನೂ ಸೈಕಲ್ಲನ್ನೂ ನೋಡಿದಳು. "ಸೆರಗು ತಲೆ ಮ್ಯಾಲೆ ಹಾಕ್ಕೊ. ಬಿಸ್ಲು."

ಸೈಕಲ್ ತಳ್ಳುವುದು ಸುಲಭ ಅಂದುಕೊಂಡಿದ್ದಳು ಸೀತಾ. ಅದು ಹಗ್ಗ ಬಿಚ್ಚಿದ ಕರುವಿನಂತೆ ತನಗೆ ಬೇಕಾದ ಕಡೆ ತಿರುಗಿತು. ಪೆಡಲು ಮತ್ತೆ ಮತ್ತೆ ಕಾಲಿನ ಮೂಳೆಗೆ ಬಡಿಯಿತು. ಹಂಪ್ ಹತ್ತಿಸುವಾಗ ಆಟೋದವನೊಬ್ಬ ನಿಲ್ಲಿಸಿ, "ಆಂಟಿ, ಅದರ ಮೇಲೆ ಕೂತ್ಕೋಬೇಕು!" ಅಂದ. ಬೇರೆ ದಿನವಾಗಿದ್ದರೆ ನಾಚಿ ಮನೆಗೆ ಓಡುತ್ತಿದ್ದಳು. ಸಾವಿನ ಮನೆಯಿಂದ ಮೊದಲನೇ ಸಲ ಹೊರಗೆ ಬಂದ ಹೆಂಗಸು ಹಣೆಯಲ್ಲಿ ಕುಂಕುಮವಿಲ್ಲದೆ ಸೈಕಲ್ ತಳ್ಳಿಕೊಂಡು ಹೋಗುವುದನ್ನು ಅಂಗಡಿ ಸಾಲು ನೋಡುತ್ತಿತ್ತು. ನೋಡಲಿ ಅಂದುಕೊಂಡಳು.

ಕೊಟ್ರಪ್ಪ ಬಸ್ ಸ್ಟಾಪಿನ ಮರದ ಕೆಳಗೆ ಕ್ಯಾನು ಇಟ್ಟುಕೊಂಡು ನಿಂತಿದ್ದ. ಅವಳನ್ನು ಕಂಡು ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದ. "ಅಕ್ಕಾರೆ, ಬೇಡ ಅಂದಿದ್ನಲ್ರೀ..."

"ನಾನು ಕೊಡೋಕೆ ಬಂದಿಲ್ಲ ಕೊಟ್ರಪ್ಪ. ಒಂದು ಉಪಕಾರ ಕೇಳೋಕೆ ಬಂದೆ." ಸೀತಾ ಉಸಿರು ತಗೊಂಡಳು. "ಅಂಗಡಿ ಬಾಡಿಗೆಗೆ ಹೋಗ್ತಿದೆ. ಮನೇಲಿ ಜಾಗ ಇಲ್ಲ, ಸಂಪಿನ ಮುಚ್ಚಳ ತೆಗೆಯೋಕಾಗಲ್ಲ, ಸೊಸೆ ದಿನಾ ಬೈತಾಳೆ. ಇದನ್ನ ನಿಮ್ಮನೇಲಿ ಕಟ್ಕೊಳ್ಳಿ."

"ಕಟ್ಟಾದಾ?"

"ಇಟ್ಕೊಳ್ಳಿ. ಸುಮ್ನೆ ನಿಲ್ಲಿಸಿದ್ರೆ ಟೈರ್ ಬಿರಿಯುತ್ತೆ, ಚೈನ್ ತುಕ್ಕು ಹಿಡಿಯುತ್ತೆ. ದಿನಾ ಓಡಿಸ್ಬೇಕು, ಎಣ್ಣೆ ಬಿಡ್ಬೇಕು. ನಂಗೆ ಓಡಿಸೋಕೆ ಬರಲ್ಲ, ನೋಡಿ, ತಳ್ಕೊಂಡು ಬಂದಿದ್ಕೇ ಕಾಲು ಕಿತ್ಕೊಂಡು ಹೋಗಿದೆ. ನೀವು ಇಲ್ಲ ಅಂದ್ರೆ ಭಾನುವಾರ ಗುಜರಿಯವನು ಬರ್ತಾನೆ."

ಟೀ ಕುಡಿಯುತ್ತಿದ್ದ ಇಬ್ಬರು ಲೋಟ ಬಾಯಿಯ ಹತ್ತಿರವೇ ಹಿಡಿದು ಕೇಳುತ್ತಿದ್ದರು. ಕೊಟ್ರಪ್ಪ ಸೈಕಲ್ಲಿನ ಮುಂದಿನ ಚಕ್ರ ನೋಡಿದ. ನೆಲ ನೋಡಿದ.

"ಸೈಕಲ್ ಈಗ ಯಾರ್ದ್ರೀ?"

"ನಂದು," ಅಂದಳು ಸೀತಾ. ಅಂಗಡಿಯ ವಸ್ತುವೊಂದನ್ನು ಅವಳು ಹಾಗೆ ಅಂದದ್ದು ಅದೇ ಮೊದಲು. ಮಾತು ಹೊರಗೆ ಬಂದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು.

"ವಾಪಸ್ ಯಾವಾಗ ಕೇಳ್ತೀರಿ?"

"ಬೇಕಾದಾಗ."

"ಕೇಳ್ಬೇಕು ನೋಡ್ರಿ ಮತ್ತೆ. ಮುನಿಯಣ್ಣನಂಗ ಮಾಡಬಾರ್ದು. ಕೇಳ್ತೀನಿ ಕೇಳ್ತೀನಿ ಅಂತ ಹೇಳಿ ಹೋಗೇಬಿಟ್ರು."

"ಕೇಳ್ತೀನಿ. ತಿಂಗಳಿಗೊಂದ್ಸಲ ತಂದು ತೋರಿಸ್ಬೇಕು. ಕೆಟ್ಟಿದ್ರೆ ಬೈತೀನಿ."

ಕೊಟ್ರಪ್ಪ ಕಣ್ಣು ತಪ್ಪಿಸಿ ಕ್ಯಾನಿನ ನಲ್ಲಿ ತಿರುಗಿಸಿದ. ಲೋಟ ತುಂಬಿ ಅವಳ ಕಡೆ ಚಾಚಿದ. "ಟೀ ಕುಡೀರಿ ಅಕ್ಕಾರೆ. ಬೈಯೋಕೆ ಶಕ್ತಿ ಬೇಕಲ್ಲ." ಬಸ್ ಸ್ಟಾಪಿನಲ್ಲಿ ನಿಂತು ಟೀ ಕುಡಿದ ನೆನಪೇ ಅವಳಿಗಿರಲಿಲ್ಲ. ಸಕ್ಕರೆ ಜಾಸ್ತಿಯಾಗಿತ್ತು. ಪೂರ್ತಿ ಕುಡಿದಳು.

ಮಿಕ್ಕ ಎರಡು ದಿನ ಅವಳು ಹೊಸಲು ತುಳಿಯದೆ ರಸ್ತೆ ರಸ್ತೆ ತಿರುಗಿದಳು. ಗೇಟಿನಾಚೆ ನಿಂತು ಹೆಸರು ಕೂಗಿದಳು. ಕ್ಯಾಂಟೀನಿನ ಮುಂದೆ, ಗಾರ್ಮೆಂಟ್ಸಿನ ಗೇಟಿನ ಮುಂದೆ ಕಾದಳು. ನೀಲಗಂಗಮ್ಮ ಪೂರ್ತಿ ಕೇಳುವ ಮುಂಚೆಯೇ ಅತ್ತುಬಿಟ್ಟಳು, ಆಮೇಲೆ ಬುಟ್ಟಿಯ ಒಂದು ಕೊಂಡಿ ಕಿತ್ತಿದೆ ಎಂದು ಜಗಳ ತೆಗೆದಳು. ದೊಡ್ಡಹನುಮಯ್ಯ ಮಾತ್ರ, "ನಮ್ಮನೆಯವಳನ್ನ ಒಂದ್ಮಾತು ಕೇಳ್ತೀನಿ" ಎಂದು ಹೋಗಿ ಅವಳನ್ನೇ ಕರೆದುಕೊಂಡು ಬಂದ. ಆ ಹೆಂಗಸು ಸಂಪು, ಮುಚ್ಚಳ, ಸ್ಕೂಟರು ಎಲ್ಲವನ್ನೂ ಕಣ್ಣಾರೆ ನೋಡಿ, "ಹೌದು, ಜಾಗ ಇಲ್ಲ" ಎಂದು ತೀರ್ಪು ಕೊಟ್ಟ ಮೇಲೆ ಒಪ್ಪಿದ. ಎಲ್ಲರೂ ಒಪ್ಪಲಿಲ್ಲ. ಒಬ್ಬ ಸ್ಕೂಟರು ಕೊಂಡಿದ್ದ. ಇನ್ನೊಬ್ಬ ಊರಿಗೇ ಹೋಗಿಬಿಟ್ಟಿದ್ದ. ಅವೆರಡನ್ನು ಭಾನುವಾರ ಹನುಮೇಶನ ಟೆಂಪೋಗೆ ಹಾಕುವಾಗ ಸೀತಾ ಒಳಗಿದ್ದಳು.

ವಾರವೆಲ್ಲ ರಾತ್ರಿ ತಡವಾಗಿ ಬರುತ್ತಿದ್ದ ಯೋಗಾನಂದ ಮಾತ್ರ ಹೊರಗೇ ಇದ್ದ, ಸಾಲು ಖಾಲಿಯಾದದ್ದು ಅವನಿಗೆ ಆಗಲೇ ಕಂಡದ್ದು.

"ಎರಡೇನಾ ಗುರು?" ಅಂದನಂತೆ ಹನುಮೇಶ. "ಇಷ್ಟಕ್ಕೆ ಟೆಂಪೋ ತರ್ಸಿದ್ಯಾ? ಇದನ್ನ ಕೈಯಲ್ಲೇ ತಗೊಂಡು ಹೋಗ್ತಿದ್ದೆ."

ಯೋಗಾನಂದ ಒಳಗೆ ಬಂದ. "ಅಮ್ಮ, ಅವನಿಗೆ ಮಾತು ಕೊಟ್ಟಿದ್ದೆ ನಾನು."

"ಕೊಡೋ ಮುಂಚೆ ನನ್ನ ಕೇಳಿದ್ಯಾ?"

ಅವನಿಗೆ ಅದು ಹೊಸದು. ಅಪ್ಪನಿದ್ದಾಗಲೂ ಈ ಮನೆಯಲ್ಲಿ ಅಮ್ಮ ಹಾಗೆ ಕೇಳಿದವಳಲ್ಲ. "ನೀಲಿ ಸೈಕಲ್ ಎಲ್ಲಿ?"

"ಕೊಟ್ರಪ್ಪನ ಹತ್ರ."

"ನಂದು ಅಂತ ಗೊತ್ತಿದ್ದೂ ಕೊಟ್ಯಾ?"

"ಕೊಟ್ಟಿಲ್ಲ. ನೋಡ್ಕೊಳ್ಳೋಕೆ ಬಿಟ್ಟಿದೀನಿ."

"ಆಯ್ತು! ಅಪ್ಪ ಹೋದ್ರು ಅಂದ್ಕೊಂಡೆ, ಇಲ್ಲೇ ಇದಾರೆ." ಅವನು ಬಾಗಿಲು ದಡಾರನೆ ಹಾಕಿಕೊಂಡು ಹೋದ.

"ರೀ, ನೀರು ಬಂದ್ರೆ ಮುಚ್ಚಳ ತೆಗೆಯೋಕಾಗುತ್ತೆ ಇವತ್ತು, ಅದನ್ನಾದ್ರೂ ನೋಡ್ರಿ!" ಎಂದು ರಮ್ಯ ಹಿಂದಿನಿಂದ ಕೂಗಿದಳು. ಸೊಸೆ ತನ್ನ ಕಡೆಗಿದ್ದಾಳೆ ಅನ್ನುವುದು ಸೀತಾಗೆ ಆಗ ತಿಳಿಯಿತು.

ಆ ವಾರ ಮಗ ಅವಳ ಜೊತೆ ಮಾತಾಡಲಿಲ್ಲ. ಬೇಕಾದ್ದೆಲ್ಲ ಸ್ಪಂದನಳ ಮೂಲಕ ಬರುತ್ತಿತ್ತು. "ಅಜ್ಜಿ, ಡ್ಯಾಡಿಗೆ ಸಾರು ಬೇಕಂತೆ." "ಡ್ಯಾಡಿಗೆ ಹೇಳು, ತಟ್ಟೆ ಮುಂದೆ ಚಾಚ್ಬೇಕು ಅಂತ." ಮೊಬೈಲ್ ಕವರಿನವನು ಬಂದು ಅಂಗಡಿಯ ಗೋಡೆಗೆ ಬಿಳೀ ಬಣ್ಣ ಹೊಡೆಸಿದ. ಗ್ರೀಸಿನ ಕಲೆ ಎರಡು ಕೈ ಹೊಡೆದರೂ ಮೂಡಿಕೊಂಡೇ ಬರುತ್ತಿತ್ತಂತೆ, ಮೂರನೇ ಕೈ ಹೊಡೆಸಿದ. ಸೀತಾ ಆ ಕಡೆ ಹೋಗಲಿಲ್ಲ. ಸಂಜೆ ಹೊತ್ತು ಮುಂದಿನ ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. ಕೆಲಸ ಮುಗಿಸಿ ಹೋಗುವಾಗ ಯಾರಾದರೊಬ್ಬರು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, "ಚೆನ್ನಾಗಿದೆ ಅಕ್ಕ, ನೋಡ್ಕೊಳ್ಳಿ" ಎಂದು ತೋರಿಸಿ, ಮನೆಯ ಸುದ್ದಿ ಎರಡು ಹೇಳಿ ಹೋಗುತ್ತಿದ್ದರು. ಗಂಡ ದಿನವಿಡೀ ಯಾಕೆ ಅಲ್ಲಿ ನಗುತ್ತಿದ್ದ ಅನ್ನುವುದನ್ನು ಈಗ ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ನಾನೂ ಆಗಾಗ ಹೋಗಿ ಕೂರಬಹುದಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಕರೆದಿದ್ದರೆ ಹೋಗುತ್ತಿದ್ದಳು. ಅವನು ಕರೆಯಲಿಲ್ಲ, ಅವಳು ಕೇಳಲಿಲ್ಲ.

ಒಂದು ಶುಕ್ರವಾರ ಯೋಗಾನಂದ ಕೆಲಸದಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತ. ಬಸ್ಸಾರು, ಮುದ್ದೆ. ಸೀತಾ ಬಡಿಸಿದಳು. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ ಎರಡು ತುತ್ತು ನುಂಗಿ, ತಟ್ಟೆ ನೋಡುತ್ತಲೇ ಹೇಳಿದ.

"ಹಿಂದಿನ ಬ್ರೇಕ್ ಹಿಡೀತಾ ಇಲ್ಲ."

ಯಾರಿಗೂ ಅರ್ಥವಾಗಲಿಲ್ಲ. "ಸ್ಕೂಟರ್ದಾ?" ರಮ್ಯ ಕೇಳಿದಳು.

"ಸ್ಕೂಟರ್ ಚೆನ್ನಾಗಿದೆ. ಆ ಕೊಟ್ರಪ್ಪಂದು. ಸಿಗ್ನಲ್ ಹತ್ರ ನೋಡ್ದೆ, ಕಾಲು ಕೆಳಗೆ ಉಜ್ಜಿ ನಿಲ್ಲಿಸ್ತಾನೆ, ಬಿಸಿ ಟೀ ಕ್ಯಾನು ಹಿಂದೆ ಇಟ್ಕೊಂಡು. ಬ್ರೇಕ್ ಶೂ ಸವೆದಿದೆ. ಅಪ್ಪ ಆಗಿದ್ರೆ..." ಮಾತು ನಿಲ್ಲಿಸಿ ಇನ್ನೊಂದು ತುತ್ತು ನುಂಗಿದ. "ಹೇಳು ಅವನಿಗೆ, ಭಾನುವಾರ ಬರೋಕೆ. ಸ್ಪ್ಯಾನರ್ ಎಲ್ಲಿ ಹಾಕಿದ್ಯೇ ರಮ್ಯ?"

"ಮೆಟ್ಟಿಲ ಕೆಳಗೆ. ಅಕ್ಕಿ ಚೀಲದಲ್ಲಿ."

"ಅಕ್ಕಿ ಚೀಲದಲ್ಲಿ ಹಾಕ್ತಾರಾ ಯಾರಾದ್ರೂ? ತುಕ್ಕು ಹಿಡಿದಿರುತ್ತೆ." ಜಗಳವಾದ ಮೇಲೆ ಅವನು ಮೊದಲನೇ ಸಲ ಅಮ್ಮನ ಮುಖ ನೋಡಿದ. "ಬೆಳಗ್ಗೆ ಆರಕ್ಕೇ ಬರ್ಬೇಕು ಅನ್ನು. ಆಮೇಲೆ ನಂಗೆ ಟೈಮಿಲ್ಲ."

"ಹೇಳ್ತೀನಿ," ಅಂದಳು ಸೀತಾ. ಅವನ ತಟ್ಟೆಯಲ್ಲಿ ಸಾರು ಮುಗಿದಿರಲಿಲ್ಲ. ಆದರೂ ಇನ್ನೊಂದು ಸೌಟು ಬಡಿಸಿದಳು, ಅವನು ಬೇಡ ಅನ್ನಲಿಲ್ಲ.